ಕಪ್ಪತಗುಡ್ಡದ ಮಗ್ಗುಲಲ್ಲಿ ಬಿಸಿಲು, ಗಾಳಿ ಎರಡರಿಂದಲೂ ಬ್ಯಾಟರಿ ಚಾರ್ಜ್: ನನ್ನ ಅನುಭವ

ಗದಗ ಜಿಲ್ಲೆಯ ಡಂಬಳ ಸೀಮೆಯ ಹೊಲದ ಮನೆಗೆ ಬರೀ ಸೋಲಾರ್ ನೆಚ್ಚಿಕೊಂಡರೆ ಆಷಾಢದಲ್ಲಿ ಬ್ಯಾಟರಿ ತುಂಬುವುದಿಲ್ಲ. ಆದರೆ ಮೋಡ ಕವಿಯುವ ಆ ದಿನಗಳಲ್ಲೇ ಪಡುವಣ ಗಾಳಿ ರಾತ್ರಿಯೂ ನಿಲ್ಲದೆ ಬೀಸುತ್ತದೆ. ಹಾಗಾಗಿ ನಾನು ಜೋಡಿಸಿರುವುದು ಇಷ್ಟು: 540 ವ್ಯಾಟಿನ ಎರಡು ಪ್ಯಾನೆಲ್, 2 ಮೀಟರ್ ವ್ಯಾಸದ 1 ಕಿಲೋವ್ಯಾಟ್ ಗಾಳಿಯಂತ್ರ, 16 ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳ 51.2 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಂಕ್.

ಸೋಲಾರ್ ಭಾಗ ಸುಲಭ. ಎರಡು ಪ್ಯಾನೆಲ್ ಸೀರೀಸ್‌ನಲ್ಲಿ, ದಕ್ಷಿಣಕ್ಕೆ ಮುಖ ಮಾಡಿ, 15 ಡಿಗ್ರಿ ಓರೆ. ಕಂಟ್ರೋಲರ್ 150 ವೋಲ್ಟ್, 30 ಆಂಪಿಯರ್‌ನ ಎಂಪಿಪಿಟಿ, ಅಂದರೆ ಪ್ಯಾನೆಲಿನಿಂದ ಗರಿಷ್ಠ ಶಕ್ತಿ ಹಿಂಡಿ ಬ್ಯಾಟರಿಗೆ ಕೊಡುವ ಬಗೆಯದು. ಮುಂದೆ ಮೂರನೇ ಪ್ಯಾನೆಲನ್ನು ಅದೇ ಸಾಲಿಗೆ ಸೇರಿಸುವ ಆಸೆ ಬೇಡ: ಒಂದೊಂದರ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನನ್ನೂ ಜೋಡಿಸದಿದ್ದಾಗಿನ ವೋಲ್ಟೇಜ್) 49.5 ಎಂದಿಟ್ಟುಕೊಂಡರೆ ಮೂರಕ್ಕೆ 148.5 ಆಗುತ್ತದೆ, ಚಳಿಗೆ ಪ್ಯಾನೆಲಿನ ವೋಲ್ಟೇಜ್ ಏರುವುದರಿಂದ ಚಳಿಗಾಲದ ನಸುಕಿನಲ್ಲಿ ಅದು 150ರ ಮಿತಿ ದಾಟಿ ಕಂಟ್ರೋಲರ್ ಸುಡುತ್ತದೆ.

ಗಾಳಿಯಂತ್ರದ ಸ್ವಭಾವವೇ ಬೇರೆ. ಪ್ಯಾನೆಲಿನ ತಂತಿ ಬಿಚ್ಚಿಟ್ಟರೆ ಅದು ಸುಮ್ಮನೆ ಕೂರುತ್ತದೆ. ಗಾಳಿಯಂತ್ರದ ಲೋಡ್ ತಪ್ಪಿಸಿದರೆ ರೆಕ್ಕೆ ಲಂಗುಲಗಾಮಿಲ್ಲದೆ ತಿರುಗುತ್ತದೆ, ವೋಲ್ಟೇಜ್ ಏರಿ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಹೋಗುತ್ತದೆ, ರೆಕ್ಕೆಯೂ ಮುರಿಯಬಹುದು. ಬ್ಯಾಟರಿ ತುಂಬಿದ ಮೇಲೂ ಆ ಕರೆಂಟಿಗೆ ಒಂದು ದಾರಿ ಇರಲೇಬೇಕು. ಅದಕ್ಕಾಗಿಯೇ ಡಂಪ್ ಲೋಡ್, ಅಂದರೆ ಹೆಚ್ಚಾದ ಕರೆಂಟನ್ನು ಶಾಖವಾಗಿ ಕರಗಿಸುವ ರೆಸಿಸ್ಟರ್. 3 ಓಮ್‌ನ ರೆಸಿಸ್ಟರ್ 56.8 ವೋಲ್ಟಿನಲ್ಲಿ ಸುಮಾರು 1,075 ವ್ಯಾಟ್ ತಿನ್ನುತ್ತದೆ. 1,500 ವ್ಯಾಟ್ ತಾಳುವಂಥದ್ದನ್ನೇ ಕೊಳ್ಳಬೇಕು. ಕೆಂಪಗೆ ಕಾಯುವ ವಸ್ತು ಅದು, ಕಣಿಕೆ ಬಣವಿಯಿಂದ ದೂರ, ಕಲ್ಲಿನ ಗೋಡೆಗೆ ಹಾಕಿ.

ಸೆಟ್ಟಿಂಗ್ ಕ್ರಮ ಇಡೀ ವ್ಯವಸ್ಥೆಯ ಜೀವ. ಸೋಲಾರ್ 56.0 ವೋಲ್ಟಿಗೆ ಹಿಂದೆ ಸರಿಯಬೇಕು, ಡಂಪ್ ಲೋಡ್ 56.8ಕ್ಕೆ ಶುರುವಾಗಬೇಕು, ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಕಡಿತ 58.4ರಲ್ಲಿ ಇರಬೇಕು. ಇಷ್ಟಿದ್ದರೂ ಸೆಲ್‌ಗಳು ಸಮ ಇಲ್ಲದಿದ್ದರೆ ಒಂದೇ ಸೆಲ್ 3.65 ಮುಟ್ಟಿ ಬಿಎಂಎಸ್ ಬ್ಯಾಟರಿಯನ್ನು ಕಡಿದುಬಿಡುತ್ತದೆ, ಗಾಳಿಯಂತ್ರ ಲೋಡ್ ಇಲ್ಲದೆ ಬರಿಗೈಯಲ್ಲಿ ಉಳಿಯುತ್ತದೆ. ಆದ್ದರಿಂದ ಪ್ಯಾಕ್ ಕಟ್ಟುವ ಮೊದಲೇ ಎಲ್ಲ ಸೆಲ್‌ಗಳನ್ನೂ ಪ್ಯಾರಲಲ್ ಜೋಡಿಸಿ 3.6 ವೋಲ್ಟಿಗೆ ಸಮ ಮಾಡಿಕೊಳ್ಳಿ. ಬೇಸರದ ಕೆಲಸ, ಆದರೂ ಬಿಡಬಾರದು.

ಡಬ್ಬಿಯ ಮೇಲಿನ 1 ಕಿಲೋವ್ಯಾಟ್ ನೋಡಿ ಲೆಕ್ಕ ಹಾಕಬೇಡಿ. ಶಕ್ತಿ ಗಾಳಿಯ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ: ಸೆಕೆಂಡಿಗೆ 5 ಮೀಟರ್ ಗಾಳಿಗೆ ಈ ಅಳತೆಯ ಯಂತ್ರ ಕೊಡುವುದು 65 ವ್ಯಾಟ್ ಆಸುಪಾಸು, 10 ಮೀಟರಿಗೆ ಅದರ ಎಂಟು ಪಟ್ಟು. ಅದಕ್ಕೇ ಕಂಬದ ಎತ್ತರಕ್ಕೆ ಹಾಕಿದ ದುಡ್ಡು ವ್ಯರ್ಥವಲ್ಲ. ಸುತ್ತಲಿನ ಬೇವಿನ ಮರ, ಮನೆಗಿಂತ 9 ಮೀಟರ್ ಮೇಲೆ ರೆಕ್ಕೆ ಇದ್ದರೆ ಗಾಳಿ ಸುಳಿಯಾಗದೆ ಸಿಗುತ್ತದೆ. ಮನೆಯ ಮಾಳಿಗೆ ಮೇಲೆ ನಿಲ್ಲಿಸುವುದು ಬೇಡವೇ ಬೇಡ, ನಡುಕ ಗೋಡೆಗಿಳಿಯುತ್ತದೆ.

ಕಂಬದಿಂದ ಬ್ಯಾಟರಿಗೆ 30 ಮೀಟರ್ ಇದ್ದು ಡಿಸಿಯಲ್ಲಿ 10 ಆಂಪಿಯರ್ ಹರಿದರೆ, 6 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಕಳೆದುಹೋಗುವುದು 1.7 ವೋಲ್ಟ್, ಅಡ್ಡಿಯಿಲ್ಲ. ಅಷ್ಟೇ ಶಕ್ತಿಯನ್ನು 24 ವೋಲ್ಟಿನಲ್ಲಿ ತಂದರೆ ಶಕ್ತಿಯ ನಷ್ಟ ನಾಲ್ಕು ಪಟ್ಟು. ಬ್ಯಾಟರಿ ಬಳಿ ಡಿಸಿ ಫ್ಯೂಸನ್ನೇ ಬಳಸಿ. ಮನೆಯ ಎಸಿ ಎಂಸಿಬಿ ಡಿಸಿ ಕಿಡಿಯನ್ನು ಆರಿಸಲಾರದು.

ಗಾಳಿಯಂತ್ರದ ಬ್ರೇಕ್ ಎಂದರೆ ರೆಕ್ಟಿಫೈಯರ್‌ಗೂ ಮೊದಲು ಮೂರು ಫೇಸ್ ತಂತಿಗಳನ್ನು ಒಂದಕ್ಕೊಂದು ಕೂಡಿಸುವ ಸ್ವಿಚ್. ಬಿರುಗಾಳಿ ಎದ್ದ ಮೇಲೆ ಅದನ್ನು ಒತ್ತಿದರೆ ಕಾಯಿಲ್ ಸುಡುತ್ತದೆ. ಗಾಳಿ ತಗ್ಗಿದಾಗಲೇ ಹಾಕಬೇಕು.

ಕಂಬವನ್ನು ಎಳೆದು ಹಿಡಿಯುವ ಗೈ ವೈರಿನ ಬುಡ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಗಟ್ಟಿ ನಿಲ್ಲುತ್ತದೆ. ಎರೆ (ಕಪ್ಪು ಮಣ್ಣಿನ) ಹೊಲ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ, ಮೇಲ್ಪದರದ ಕಾಂಕ್ರೀಟ್ ಜರುಗುತ್ತದೆ. ಅಲ್ಲಿ ಗುಂಡಿಯನ್ನು ಬಿರುಕಿನ ಆಳಕ್ಕಿಂತ ಕೆಳಗೆ ಇಳಿಸಿ, ಮುಂಗಾರಿನ ಮೊದಲ ಹದ ಮಳೆಯಾದ ಮೇಲೆ ತಂತಿ ಬಿಗಿಸುವ ಟರ್ನ್‌ಬಕಲ್‌ಗಳನ್ನು ಮತ್ತೊಮ್ಮೆ ಬಿಗಿಮಾಡಿ.