ರಿಕವರಿ ಪೆನ್‌ಡ್ರೈವ್‌ಗೆ ಡ್ರೈವರ್ ಸೇರಿಸೋದು ಹೇಗೆ?

ಬ್ಯಾಕಪ್ ಇಟ್ಕೊಳ್ಳೋದ್ರಲ್ಲಿ ನಮ್ಮ ತುಮಕೂರು ಜಿಲ್ಲೆ ಜನ ಈಗ ಪರವಾಗಿಲ್ಲ. ಬಿ.ಎಚ್. ರಸ್ತೆಯ ಆಡಿಟರ್ ಆಫೀಸಿಂದ ಹಿಡಿದು ತಿಪಟೂರಿನ ಕೊಬ್ಬರಿ ಮಂಡಿ ತನಕ ಟ್ಯಾಲಿ ಇರೋ ಕಡೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕಾಣತ್ತೆ, ಡ್ರಾಯರಲ್ಲಿ ಒಂದು ರಿಕವರಿ ಪೆನ್‌ಡ್ರೈವೂ (ವಿಂಡೋಸ್ ಕೆಟ್ಟಾಗ ಬೂಟ್ ಮಾಡಿ ಬ್ಯಾಕಪ್ ವಾಪಸ್ ಇಳಿಸೋಕೆ ಇರೋದು) ಇರತ್ತೆ. ಎಡವೋದು ಆ ಪೆನ್‌ಡ್ರೈವಲ್ಲೇ. ವಿಂಡೋಸ್ ಕೈಕೊಟ್ಟ ದಿನ, ಅದೂ ಜಿಎಸ್‌ಟಿ 3ಬಿ ರಿಟರ್ನ್ ಹಾಕಬೇಕಾದ 20ನೇ ತಾರೀಖಿನ ಹಿಂದಿನ ಸಂಜೆ, ಪೆನ್‌ಡ್ರೈವ್ ಚುಚ್ಚಿ ಬೂಟ್ ಮಾಡ್ತಾರೆ, ಚೆನ್ನಾಗೇ ಬೂಟ್ ಆಗತ್ತೆ, ರಿಸ್ಟೋರ್ ಒತ್ತಿದ್ರೆ ಲ್ಯಾಪ್‌ಟಾಪ್ ಒಳಗಿನ ಎಸ್‌ಎಸ್‌ಡಿನೇ ಲಿಸ್ಟಲ್ಲಿಲ್ಲ. "ಎಸ್‌ಎಸ್‌ಡಿ ಹೋಗಿದೆ ಸಾರ್" ಅಂತ ಯಾರೋ ಹೇಳಿದ್ರು ಅಂತ ಹೊಸದು ಹಾಕಿಸಿದೋರನ್ನೂ ನೋಡಿದೀನಿ. ಹೊಸದೂ ಕಾಣಲಿಲ್ಲ.

ಎಸ್‌ಎಸ್‌ಡಿಗೆ ಏನೂ ಆಗಿರಲ್ಲ. ರಿಕವರಿ ಪೆನ್‌ಡ್ರೈವಲ್ಲಿರೋದು ವಿಂಡೋಸ್ ಪಿಇ ಅನ್ನೋ ಚಿಕ್ಕ ವಿಂಡೋಸ್, ಅದರಲ್ಲಿ ಮೈಕ್ರೋಸಾಫ್ಟ್ ಕೊಟ್ಟ ಸಾಮಾನ್ಯ ಡ್ರೈವರ್‌ಗಳು (ಒಂದೊಂದು ಹಾರ್ಡ್‌ವೇರನ್ನ ವಿಂಡೋಸ್‌ಗೆ ಗುರುತು ಹಿಡಿಸೋ ಚಿಕ್ಕ ಸಾಫ್ಟ್‌ವೇರ್‌ಗಳು) ಮಾತ್ರ ಇರತ್ತೆ. ಇಂಟೆಲ್ 11ನೇ ಜನರೇಷನ್‌ನಿಂದ ಈಚೆಗೆ ಬಂದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನೋ ಕಂಟ್ರೋಲರ್ ಆನ್ ಆಗೇ ಬರತ್ತೆ, ಎಸ್‌ಎಸ್‌ಡಿ ಅದರ ಹಿಂದೆ ಕೂತಿರತ್ತೆ, ವಿಎಂಡಿ ಡ್ರೈವರ್ ಇಲ್ದಿದ್ರೆ ಪಿಇ ಕಣ್ಣಿಗೆ ಡಿಸ್ಕ್ ಬೀಳೋದೇ ಇಲ್ಲ. ಹೊಸದಾಗಿ ವಿಂಡೋಸ್ ಇನ್‌ಸ್ಟಾಲ್ ಮಾಡೋವಾಗ ಡಿಸ್ಕ್ ಕಾಣ್ತಿಲ್ಲ ಅನ್ನೋದಕ್ಕೂ ಹೆಚ್ಚಾಗಿ ಇದೇ ಕಾರಣ.

ಇದಕ್ಕೆ ಕೆಲವು ಅಂಗಡಿಗಳಲ್ಲಿ ಒಂದು ಶಾರ್ಟ್‌ಕಟ್ ಇದೆ, ಬಯಾಸ್‌ಗೆ (ವಿಂಡೋಸ್ ಶುರುವಾಗೋಕೆ ಮುಂಚಿನ ಸೆಟ್ಟಿಂಗ್ಸ್ ಸ್ಕ್ರೀನ್) ಹೋಗಿ ವಿಎಂಡಿ ಆಫ್ ಮಾಡೋದು. ಡಿಸ್ಕ್ ಕಾಣತ್ತೆ ನಿಜ, ಆದ್ರೆ ರಿಸ್ಟೋರ್ ಮುಗಿಸಿ ಬೂಟ್ ಮಾಡಿದ್ರೆ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅಂತ ನೀಲಿ ಸ್ಕ್ರೀನ್ ಬರೋ ಸಾಧ್ಯತೆ ಜಾಸ್ತಿ, ಯಾಕಂದ್ರೆ ಬ್ಯಾಕಪ್ ಒಳಗಿರೋ ವಿಂಡೋಸ್ ವಿಎಂಡಿ ಆನ್ ಇದ್ದಾಗ ಸೆಟ್ ಆಗಿದ್ದು. ಮಾಡಬೇಡಿ. ಡ್ರೈವರ್ ಸೇರಿಸಿ, ಮಷಿನ್ ಚೆನ್ನಾಗಿರೋವಾಗ್ಲೇ ಸೇರಿಸಿ.

1. ಪೆನ್‌ಡ್ರೈವ್. 8 ಅಥವಾ 16 ಜಿಬಿ ಸಾಕು, ಫ್ಯಾಟ್32 ಫಾರ್ಮ್ಯಾಟ್. ಫುಟ್‌ಪಾತಲ್ಲಿ ಸಿಗೋ '1 ಟಿಬಿ' ಪೆನ್‌ಡ್ರೈವ್ ಮುಟ್ಟಲೇಬೇಡಿ.

2. ಯಾವ ಡ್ರೈವರ್ ಬೇಕು? ಎರಡೇ ಎರಡು. ಒಂದು ಸ್ಟೋರೇಜ್, ಇನ್ನೊಂದು ಲ್ಯಾನ್ (ಬ್ಯಾಕಪ್ ನೆಟ್‌ವರ್ಕ್‌ನಲ್ಲಿದ್ರೆ ಮಾತ್ರ). ಗ್ರಾಫಿಕ್ಸ್, ಸೌಂಡ್, ಬ್ಲೂಟೂತ್, ಪ್ರಿಂಟರ್ ಯಾವುದೂ ಬೇಡ. ಪಿಇ ಪೂರ್ತಿಯಾಗಿ ರ‍್ಯಾಮ್‌ಗೆ ಲೋಡ್ ಆಗಿ ಓಡೋದು, ನೂರಾರು ಎಂಬಿಯ ಗ್ರಾಫಿಕ್ಸ್ ಡ್ರೈವರ್ ತುರುಕಿದ್ರೆ ಬೂಟ್ ನಿಧಾನ ಆಗತ್ತೆ ಅಷ್ಟೇ. ನೆಟ್ಟಲ್ಲಿ ಸಿಗೋ 'ಎಲ್ಲಾ ಡ್ರೈವರ್ ಒಂದೇ ಕಡೆ' ಅನ್ನೋ ಸಾಫ್ಟ್‌ವೇರ್‌ಗಳು ಜೊತೆಗೆ ಬೇಡದ ಬ್ರೌಸರ್, ಆಂಟಿವೈರಸ್ ಎಲ್ಲಾ ಹಾಕಿ ಹೋಗತ್ತೆ, ಅವುಗಳ ಸಹವಾಸವೂ ಬೇಡ. ವೈಫೈನೂ ಮರೆತುಬಿಡಿ, ಮಾಮೂಲಿ ಪಿಇನಲ್ಲಿ ವೈಫೈಗೆ ಸಪೋರ್ಟೇ ಇಲ್ಲ, ಲ್ಯಾನ್ ಕೇಬಲ್ ಒಂದು ಇಟ್ಕೊಳ್ಳಿ. ಟಚ್‌ಪ್ಯಾಡ್ ಕೂಡ ಎಷ್ಟೋ ಸಲ ಓಡಲ್ಲ, ಯುಎಸ್‌ಬಿ ಮೌಸ್ ಇರಲಿ.

3. ಸರಿಯಾದ ಡ್ರೈವರ್ ಹುಡುಕೋದು. ಜನ ಮುಗ್ಗರಿಸೋದು ಇಲ್ಲೇ, ಆದ್ರಿಂದ ನಿಧಾನವಾಗಿ ಓದಿ. ಡಿವೈಸ್ ಮ್ಯಾನೇಜರ್ ತೆಗೆದು ಸ್ಟೋರೇಜ್ ಕಂಟ್ರೋಲರ್ಸ್ ಕೆಳಗೆ ನೋಡಿ. ವಿಎಂಡಿ ಕಂಟ್ರೋಲರ್ ಅಂತ ಇದ್ರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್, ಅಲ್ಲಿ ಹಾರ್ಡ್‌ವೇರ್ ಐಡಿಸ್ ಆರಿಸಿ. 'ವೆನ್' ಆದ್ಮೇಲೆ 8086 ಇದ್ರೆ ಇಂಟೆಲ್. 'ಡೆವ್' ಆದ್ಮೇಲೆ ಬರೋದು ಚಿಪ್‌ನ ನಂಬರ್, 11ನೇ ಜನರೇಷನ್ ಲ್ಯಾಪ್‌ಟಾಪಲ್ಲಿ 9ಎ0ಬಿ, ಆಮೇಲಿನವುಗಳಲ್ಲಿ 467ಎಫ್, ಎ77ಎಫ್ ಅಂತೆಲ್ಲಾ ಬರತ್ತೆ. ಇದನ್ನ ಒಂದು ಚೀಟೀಲಿ ಬರ್ಕೊಳ್ಳಿ.

ಈಗ ಡ್ರೈವರ್ ಫೈಲ್. ಕಂಪನಿ ಸೈಟಿಂದ ಇಳಿಸಿದ ಸೆಟಪ್ ಇಎಕ್ಸ್‌ಇನ ಹಾಗೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ "ಡ್ರೈವರ್ ಹಾಕಿದೀನಿ" ಅಂತಾರೆ, ಅದು ಹಾಕಿದ್ದಲ್ಲ. ಪಿಇಗೆ ಬೇಕಿರೋದು ಸೆಟಪ್ ಒಳಗಿರೋ ಐಎನ್‌ಎಫ್, ಎಸ್‌ವೈಎಸ್, ಸಿಎಟಿ ಫೈಲ್‌ಗಳು, ಅವು ಒಂದೇ ಫೋಲ್ಡರಲ್ಲಿ ಒಟ್ಟಿಗೇ ಇರಬೇಕು. ಇಂಟೆಲ್‌ನ ಸೆಟಪ್ ಆರ್‌ಎಸ್‌ಟಿ (ವಿಎಂಡಿ ಡ್ರೈವರ್ ಇರೋ ಸೆಟಪ್) ಫೈಲನ್ನ ಕಮಾಂಡ್ ಪ್ರಾಂಪ್ಟಲ್ಲಿ 'ಎಕ್ಸ್‌ಟ್ರಾಕ್ಟ್‌ಡ್ರೈವರ್ಸ್' ಆಪ್ಷನ್ ಕೊಟ್ಟು ಓಡಿಸಿದ್ರೆ ಬಿಚ್ಚಿ ಕೊಡತ್ತೆ. ಡೆಲ್, ಎಚ್‌ಪಿಯವರು ಪಿಇಗೇ ಅಂತ ಬೇರೆ ಡ್ರೈವರ್ ಪ್ಯಾಕ್ ಕೊಡ್ತಾರೆ, ಅದು ಸಿಕ್ರೆ ಇನ್ನೂ ಸಲೀಸು.

ನನ್ನ ಕೇಳಿದ್ರೆ ಇದೆಲ್ಲಕ್ಕಿಂತ ಒಳ್ಳೇ ದಾರಿ, ಈಗ ಓಡ್ತಿರೋ ವಿಂಡೋಸಿಂದಾನೇ ಡ್ರೈವರ್ ತೆಗೆಯೋದು. ಸಿ ಡ್ರೈವಲ್ಲಿ ಚಿಕ್ಕ ಹೆಸರಿನ, ಸ್ಪೇಸ್ ಇಲ್ಲದ ಒಂದು ಫೋಲ್ಡರ್ ಮಾಡಿ, ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಡಿಸ್ಮ್ (dism, ವಿಂಡೋಸ್ ಜೊತೆಗೇ ಬರೋ ಟೂಲ್), ಸ್ಲ್ಯಾಶ್ ಆನ್‌ಲೈನ್, ಸ್ಲ್ಯಾಶ್ ಎಕ್ಸ್‌ಪೋರ್ಟ್-ಡ್ರೈವರ್, ಸ್ಲ್ಯಾಶ್ ಡೆಸ್ಟಿನೇಷನ್ ಕೋಲನ್ ಆ ಫೋಲ್ಡರಿನ ದಾರಿ, ಇಷ್ಟು ಟೈಪ್ ಮಾಡಿ, ಪ್ರತಿ ಸ್ಲ್ಯಾಶ್‌ಗೂ ಮುಂಚೆ ಒಂದು ಸ್ಪೇಸ್. ಬೇರೆ ಕಂಪನಿ ಡ್ರೈವರ್‌ಗಳೆಲ್ಲಾ ಫೋಲ್ಡರ್ ಫೋಲ್ಡರಾಗಿ ಬಂದು ಬೀಳತ್ತೆ. ಅದರಲ್ಲಿ ವಿಎಂಡಿದು ಸಾಮಾನ್ಯವಾಗಿ ಐಎಎಸ್ಟೋರ್‌ವಿಡಿ (iaStorVD) ಅನ್ನೋ ಹೆಸರಲ್ಲಿರತ್ತೆ. ಹೆಸರು ನೋಡಿ ನಂಬಬೇಡಿ, ಐಎನ್‌ಎಫ್ ಫೈಲನ್ನ ನೋಟ್‌ಪ್ಯಾಡಲ್ಲಿ ತೆಗೆದು ಚೀಟೀಲಿ ಬರ್ಕೊಂಡ ಡೆವ್ ನಂಬರನ್ನ ಹುಡುಕಿ. ಸಿಕ್ತಾ, ಅದೇ ಡ್ರೈವರ್. ಸಿಗಲಿಲ್ವಾ, ಎಷ್ಟೇ ಹೊಸ ವರ್ಷನ್ ಆಗಿದ್ರೂ ಆ ಮಷಿನ್‌ಗೆ ಉಪಯೋಗವಿಲ್ಲ. ಈ ಒಂದು ಚೆಕ್ ಮಾಡಿದ್ರೆ ಮುಂದಿನ ಅರ್ಧ ತಲೆನೋವು ತಪ್ಪತ್ತೆ. ಬೇಕಾದ ಫೋಲ್ಡರ್ ಉಳಿಸ್ಕೊಂಡು ಮಿಕ್ಕಿದ್ದು ಡಿಲೀಟ್ ಮಾಡಿ.

4. ಒಳಗೆ ಸೇರಿಸೋದು. ಬ್ಯಾಕಪ್ ಸಾಫ್ಟ್‌ವೇರ್‌ನಲ್ಲೇ ರಿಕವರಿ ಮೀಡಿಯಾ ಮಾಡೋ ಆಪ್ಷನ್ ಇದ್ರೆ ಅದರಿಂದಾನೇ ಮಾಡಿ. ವೀಮ್ ಏಜೆಂಟ್, ಮ್ಯಾಕ್ರಿಯಮ್ ಎರಡರಲ್ಲೂ ಈ ಕಂಪ್ಯೂಟರಿನ ಡ್ರೈವರ್ ಸೇರಿಸೋಕೆ, ಬೇರೆ ಫೋಲ್ಡರ್ ತೋರಿಸೋಕೆ ಜಾಗ ಇದೆ. ಸುಮ್ನೆ ನೆಕ್ಸ್ಟ್ ನೆಕ್ಸ್ಟ್ ಒತ್ತಿಕೊಂಡು ಹೋದೋರಿಗೆ ಆ ಪೇಜ್ ಬಂದಿದ್ದೂ ಗೊತ್ತಾಗಿರಲ್ಲ. ಮೂಲ ಯಾವುದು ಅಂತ ಕೇಳಿದ್ರೆ ವಿಂಡೋಸ್ ಆರ್‌ಇ (ನಿಮ್ಮ ಲ್ಯಾಪ್‌ಟಾಪಲ್ಲೇ ಇರೋ ರಿಕವರಿ ವಿಂಡೋಸ್) ಆರಿಸಿ, ಲ್ಯಾಪ್‌ಟಾಪ್ ಕಂಪನಿಯವರು ಎಷ್ಟೋ ಸಲ ತಮ್ಮ ಡಿಸ್ಕ್ ಡ್ರೈವರನ್ನ ಅದಕ್ಕೆ ಮೊದಲೇ ಹಾಕಿರ್ತಾರೆ.

ಸಾಫ್ಟ್‌ವೇರಲ್ಲಿ ಆ ಸೌಲಭ್ಯ ಇಲ್ದಿದ್ರೆ ಕೈಯಲ್ಲೇ ಮಾಡ್ಬೇಕು. ಪೆನ್‌ಡ್ರೈವಿನ ಸೋರ್ಸಸ್ ಫೋಲ್ಡರಲ್ಲಿ ಬೂಟ್.ವಿಮ್ ಅಂತ ಫೈಲ್ ಇರತ್ತೆ, ಅದನ್ನ ಸಿ ಡ್ರೈವ್‌ಗೆ ಕಾಪಿ ಮಾಡಿ, ಇನ್ನೊಂದು ಕಾಪಿ ಪಕ್ಕಕ್ಕೆ ಇಡಿ, ಅದನ್ನ ಮುಟ್ಟಬೇಡಿ. ಆಮೇಲೆ ಡಿಸ್ಮ್‌ನ ಮೌಂಟ್-ಇಮೇಜ್ ಕಮಾಂಡ್ ಕೊಟ್ಟು, ಇಂಡೆಕ್ಸ್ 1 ಅಂತ ಹೇಳಿ, ಒಂದು ಖಾಲಿ ಫೋಲ್ಡರ್‌ಗೆ ಮೌಂಟ್ ಮಾಡಿ, ಅಂದ್ರೆ ಅದರೊಳಗಿರೋದು ಆ ಫೋಲ್ಡರಲ್ಲಿ ತೆರೆದು ಕಾಣೋ ಹಾಗೆ ಮಾಡಿ (ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ಆದ್ರೆ ಒಳಗೆ ಎರಡು ಇಂಡೆಕ್ಸ್ ಇರತ್ತೆ, ಎರಡಕ್ಕೂ ಹಾಕಿ). ನಂತರ ಆಡ್-ಡ್ರೈವರ್, ಡ್ರೈವರ್ ಫೋಲ್ಡರಿನ ದಾರಿ, ಕೊನೇಲಿ ರಿಕರ್ಸ್ ಅಂತ ಸೇರಿಸಿದ್ರೆ ಒಳಗಿನ ಫೋಲ್ಡರ್‌ಗಳನ್ನೂ ಹುಡುಕಿ ಹಾಕತ್ತೆ. ಸೈನ್ ಆಗಿಲ್ಲ ಅಂತ ಎರರ್ ಬಂದ್ರೆ 'ಫೋರ್ಸ್‌ಅನ್‌ಸೈನ್ಡ್' ಕೊಡೋ ಐಡಿಯಾ ಯಾರಾದ್ರೂ ಹೇಳ್ತಾರೆ, ಕೇಳಬೇಡಿ, ಸಿಎಟಿ ಫೈಲ್ ಬಿಟ್ಟುಹೋಗಿದೆಯಾ ನೋಡಿ. ಗೆಟ್-ಡ್ರೈವರ್ಸ್ ಕೊಟ್ರೆ ಒಇಎಂ0, ಒಇಎಂ1 ಅಂತ ನೀವು ಹಾಕಿದ್ದು ಕಾಣತ್ತೆ.

ಇಷ್ಟೆಲ್ಲಾ ಮಾಡಿ ಕೊನೇಲಿ ಕೆಡಿಸ್ಕೊಳ್ಳೋದು ಅನ್‌ಮೌಂಟ್‌ನಲ್ಲಿ. ಅನ್‌ಮೌಂಟ್-ಇಮೇಜ್ ಜೊತೆ 'ಕಮಿಟ್' ಕೊಡಲೇಬೇಕು, 'ಡಿಸ್ಕಾರ್ಡ್' ಕೊಟ್ರೆ ಮಾಡಿದ್ದೆಲ್ಲಾ ಹೊಳೇಲಿ ಹುಣಸೆಹಣ್ಣು ತೊಳೆದಂಗೆ. ಅದಕ್ಕೂ ಮುಂಚೆ ಮೌಂಟ್ ಫೋಲ್ಡರ್ ತೆರೆದಿರೋ ಕಿಟಕಿಗಳನ್ನೆಲ್ಲಾ ಮುಚ್ಚಿ, ಇಲ್ದಿದ್ರೆ ಪೂರ್ತಿ ಅನ್‌ಮೌಂಟ್ ಆಗಲಿಲ್ಲ ಅಂತ ಎರರ್ ಬರತ್ತೆ. ಕಮಿಟ್ ಆಗೋವಾಗ ಕರೆಂಟ್ ಹೋದ್ರೆ ಫೈಲ್ ಕೆಡಬಹುದು, ಬೇಸಿಗೆ ಮಧ್ಯಾಹ್ನ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಲ್ಲಿ ಈ ಕೆಲಸಕ್ಕೆ ಕೂರಬೇಡಿ. ಮುಗಿದ ಬೂಟ್.ವಿಮ್‌ನ ವಾಪಸ್ ಪೆನ್‌ಡ್ರೈವಿನ ಸೋರ್ಸಸ್‌ಗೆ ಹಾಕಿ.

5. ಆಪತ್ತಿಗೆ. ಡ್ರೈವರ್ ಫೋಲ್ಡರನ್ನ ಪೆನ್‌ಡ್ರೈವಲ್ಲಿ ಬೇರೆಯಾಗೂ ಇಟ್ಟಿರಿ. ಬೂಟ್ ಆದ್ಮೇಲೂ ಡಿಸ್ಕ್ ಕಾಣದಿದ್ರೆ ಕಮಾಂಡ್ ಪ್ರಾಂಪ್ಟಲ್ಲಿ ಡಿಆರ್‌ವಿಲೋಡ್ (drvload) ಅಂತ ಟೈಪ್ ಮಾಡಿ ಐಎನ್‌ಎಫ್ ಫೈಲಿನ ದಾರಿ ಕೊಡಿ, ಆಮೇಲೆ ಡಿಸ್ಕ್‌ಪಾರ್ಟ್‌ಗೆ (diskpart, ಡಿಸ್ಕ್ ನೋಡೋ ಕಮಾಂಡ್) ಹೋಗಿ ರೀಸ್ಕ್ಯಾನ್, ಲಿಸ್ಟ್ ಡಿಸ್ಕ್. ಅಲ್ಲಿಗೆ ನಿಲ್ಲಿಸಿ, ಡಿಸ್ಕ್‌ಪಾರ್ಟಲ್ಲಿ ಕ್ಲೀನ್ (ಡಿಸ್ಕ್ ಅಳಿಸೋ ಕಮಾಂಡ್) ಅಂತ ಏನಾದ್ರೂ ಟೈಪ್ ಮಾಡೀರಾ! ಹೀಗೆ ಹಾಕಿದ ಡ್ರೈವರ್ ಮುಂದಿನ ಬೂಟ್‌ಗೆ ಉಳಿಯಲ್ಲ.

6. ಪರೀಕ್ಷೆ. ಬೂಟ್ ಆಯ್ತು ಅಂದ್ರೆ ಪಾಸ್ ಅಲ್ಲ. ರಿಸ್ಟೋರ್ ವಿಝಾರ್ಡ್‌ನಲ್ಲಿ ಕೊನೇ ಪೇಜ್ ತನಕ ಹೋಗಿ, ಬ್ಯಾಕಪ್ ಫೈಲೂ ಒಳಗಿನ ಎಸ್‌ಎಸ್‌ಡಿನೂ ಎರಡೂ ಕಾಣ್ಬೇಕು, ಆಮೇಲೆ ಕ್ಯಾನ್ಸಲ್ ಒತ್ತಿ. ಡಿಸ್ಕ್ ಕಾಣ್ತಿದೆ ಆದ್ರೆ ಸಿ ಡ್ರೈವ್ ಲಾಕ್ ಅಂತ ಬಂದ್ರೆ ಅದು ಡ್ರೈವರ್ ತಪ್ಪಲ್ಲ, ಬಿಟ್‌ಲಾಕರ್, ಅಂದ್ರೆ ವಿಂಡೋಸ್‌ನದೇ ಡಿಸ್ಕ್ ಬೀಗ. 48 ಅಂಕಿಯ ರಿಕವರಿ ಕೀ ಮೈಕ್ರೋಸಾಫ್ಟ್ ಅಕೌಂಟಲ್ಲಿ ಇದೆಯಾ ಈಗಲೇ ನೋಡಿ ಪ್ರಿಂಟ್ ತೆಗೆದಿಡಿ, ಅಕೌಂಟ್ ಮಾಡಿಕೊಟ್ಟಿದ್ದು ಲ್ಯಾಪ್‌ಟಾಪ್ ಮಾರಿದ ಅಂಗಡಿ ಹುಡುಗ ಆಗಿದ್ರೆ ಕೀ ಅವನ ಅಕೌಂಟಲ್ಲಿರತ್ತೆ, ಇವತ್ತೇ ಫೋನ್ ಮಾಡಿ.

ಬೇರೆ ಮಾಡೆಲ್ ಲ್ಯಾಪ್‌ಟಾಪ್ ತಗೊಂಡ್ರೆ 3ನೇ ಹೆಜ್ಜೆಯಿಂದ ಮತ್ತೆ ಶುರು. ಹಳೇ ಬ್ಯಾಕಪ್ಪನ್ನ ಹೊಸ ಮಷಿನ್‌ಗೆ ಇಳಿಸೋದಾದ್ರೆ ಪೆನ್‌ಡ್ರೈವ್‌ಗೆ ಡ್ರೈವರ್ ಹಾಕಿದ್ರಷ್ಟೇ ಸಾಲದು, ಇಳಿಸಿದ ವಿಂಡೋಸ್ ಒಳಗೂ ಅದೇ ಡಿಸ್ಕ್ ಡ್ರೈವರ್ ಹೋಗ್ಬೇಕು. ಪಿಇ ಇಂದಾನೇ ಡಿಸ್ಮ್‌ನ ಆಡ್-ಡ್ರೈವರ್ ಕಮಾಂಡನ್ನ ಆ ವಿಂಡೋಸ್ ಇರೋ ಡ್ರೈವ್ ತೋರಿಸಿ ಕೊಟ್ಟು, ಆಮೇಲೆ ರೀಸ್ಟಾರ್ಟ್ ಮಾಡಿ.