ಕೊಹಾಲಾ ಇಳಿಜಾರಿನ ಹುಲ್ಲು: ಮಳೆ, ಮಣ್ಣು, ಕಡಲುಗಳ ಪಾಲನ್ನು ಬೇರ್ಪಡಿಸಿದ ನನ್ನ ಅನುಭವ

ಹವಾಯಿ ದ್ವೀಪದ ಉತ್ತರ ತುದಿಯಲ್ಲಿರುವ ಕೊಹಾಲಾ, ಆ ದ್ವೀಪದ ಐದು ಜ್ವಾಲಾಮುಖಿಗಳಲ್ಲಿ ಅತ್ಯಂತ ಹಳೆಯದು. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ಅದರ ನೆತ್ತಿಯ ಮೇಲೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಸುತ್ತವೆ. ಅಲ್ಲಿಂದ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ಬೆಟ್ಟದ ಮಳೆನೆರಳಿನಲ್ಲಿರುವ ಪಶ್ಚಿಮ ಕರಾವಳಿಗೆ 250 ಮಿಲಿಮೀಟರ್ ಮಳೆಯೂ ಸಿಗುವುದಿಲ್ಲ. ಈ ಇಳಿಜಾರಿನ ಬಹುಭಾಗದಲ್ಲಿ ಮಣ್ಣಿನ ಕೆಳಗಿರುವುದು ಸುಮಾರು 1.5 ಲಕ್ಷ ವರ್ಷ ಹಳೆಯ, ಹೆಚ್ಚುಕಡಿಮೆ ಒಂದೇ ಬಗೆಯ ಲಾವಾ. ಕಲ್ಲೂ ಅದರ ವಯಸ್ಸೂ ಒಂದೇ ಆಗಿದ್ದು ಮಳೆ ಇಷ್ಟೊಂದು ಬದಲಾಗುವ ಇಂತಹ ಜಾಗ ಅಪರೂಪವಾದ್ದರಿಂದ, ಪರಿಸರವು ಹುಲ್ಲಿನ ರಾಸಾಯನಿಕ ರಚನೆಯನ್ನು ಹೇಗೆ ರೂಪಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಾನು ಈ ಬೆಟ್ಟವನ್ನೇ ಆರಿಸಿಕೊಂಡೆ.

ಮೊದಲ ತೊಡಕು ಹುಲ್ಲಿನ ಆಯ್ಕೆಯದು. ಹವಾಯಿಯ ಜನ ಹಿಂದೆ ಮನೆಗಳಿಗೆ ಹೊದಿಸುತ್ತಿದ್ದ ಪಿಲಿ ಹುಲ್ಲು ಈಗ ಒಣಭಾಗದಲ್ಲಿ ಅಲ್ಲಲ್ಲಿ ಮಾತ್ರ ಉಳಿದಿದೆ. ತಗ್ಗಿನ ಬಿಸಿಲುಪ್ರದೇಶವನ್ನು ಹೊರಗಿನಿಂದ ಬಂದ ಬಫೆಲ್ ಹುಲ್ಲು ಆವರಿಸಿದ್ದರೆ, ನಡುಭಾಗದಿಂದ ಮೇಲಕ್ಕೆ ಪೂರ್ವ ಆಫ್ರಿಕದ ಎತ್ತರ ಪ್ರದೇಶಗಳ ಮೂಲದ ಕಿಕುಯು ಹುಲ್ಲು ಹಬ್ಬಿದೆ. ಕೆಳಗಿನ ಒಂದು ಜಾತಿಯನ್ನು ಮೇಲಿನ ಇನ್ನೊಂದು ಜಾತಿಯೊಡನೆ ಹೋಲಿಸಿದರೆ, ಕಾಣುವ ವ್ಯತ್ಯಾಸ ಮಳೆಯದೋ ಜಾತಿಯದೋ ಹೇಳಲಾಗುವುದಿಲ್ಲ. ಆದ್ದರಿಂದ ಮಳೆಯ ಪೂರ್ತಿ ವ್ಯಾಪ್ತಿಯನ್ನು ಬಿಟ್ಟುಕೊಟ್ಟು, ಕಿಕುಯು ಬೆಳೆಯುವಷ್ಟು ಭಾಗಕ್ಕೆ ಮಾತ್ರ ಅಧ್ಯಯನವನ್ನು ಸೀಮಿತಗೊಳಿಸಿದೆ. ಈ ನಿರ್ಧಾರ ಆಗ ನಷ್ಟವೆನಿಸಿತ್ತು. ಈಗ ಅದೇ ಸರಿ ಎಂದು ದೃಢವಾಗಿ ನಂಬಿದ್ದೇನೆ.

ಮೊದಲ ವರ್ಷದ ಮಾದರಿಗಳು ಬಹಳ ಅಚ್ಚುಕಟ್ಟಾದ ಚಿತ್ರವನ್ನು ಕೊಟ್ಟವು. ಒಣಭಾಗದ ಗರಿಗಳಲ್ಲಿ ಕ್ಯಾಲ್ಸಿಯಂ ಮತ್ತು ಸಿಲಿಕಾನ್ ಹೆಚ್ಚು, ಸಾರಜನಕ ಕಡಿಮೆ. ತೇವಭಾಗದಲ್ಲಿ ಇದಕ್ಕೆ ತದ್ವಿರುದ್ಧ. ಇದು ಮಳೆಯ ಪರಿಣಾಮವೆಂದು ಬರೆಯಲು ಕುಳಿತಾಗ, ಒಂದೇ ತೆಂಡೆಯ (ಬುಡದಿಂದ ಎದ್ದ ಚಿಗುರಿನ) ಗರಿಗಳನ್ನು ಸುಳಿಯಿಂದ ಬುಡದವರೆಗೆ ಒಂದೊಂದಾಗಿ ಬಿಡಿಸಿ ಅಳೆದು ನೋಡಬೇಕೆನಿಸಿತು. ಆ ಒಂದು ತೆಂಡೆಯೊಳಗಿನ ವ್ಯತ್ಯಾಸವು ಬೆಟ್ಟದ ಎರಡು ತುದಿಗಳ ನಡುವೆ ಕಂಡ ವ್ಯತ್ಯಾಸಕ್ಕೆ ಸಮನಾಗಿತ್ತು. ಇದಕ್ಕೆ ಕಾರಣ ಸ್ಪಷ್ಟ: ಕ್ಯಾಲ್ಸಿಯಂ ಮತ್ತು ಸಿಲಿಕಾ ನೀರಿನೊಡನೆ ಗರಿಗೆ ಬಂದು ಅಲ್ಲಿಯೇ ನೆಲೆಸಿಬಿಡುತ್ತವೆ, ಗರಿ ಮುದಿಯಾದಷ್ಟೂ ಅವುಗಳ ಸಂಗ್ರಹ ಬೆಳೆಯುತ್ತದೆ. ಸಾರಜನಕವನ್ನಾದರೆ ಗಿಡವು ಹಳೆಯ ಗರಿಯಿಂದ ಹಿಂದಕ್ಕೆ ಪಡೆದು ಹೊಸ ಚಿಗುರಿಗೆ ಕೊಡುತ್ತದೆ. ಒಣಭಾಗದಲ್ಲಿ ಬೆಳವಣಿಗೆ ನಿಧಾನವಾದ್ದರಿಂದ ನನ್ನ ಕೈಗೆ ಸಿಕ್ಕಿದ್ದವು ಮುದಿ ಗರಿಗಳು. ತೇವಭಾಗದಲ್ಲಿ, ಅದರಲ್ಲೂ ದನಗಳು ಮೇಯ್ದು ಹೋದ ಕಡೆ, ಸಿಕ್ಕಿದ್ದವು ಎಳೆಯ ಗರಿಗಳು. ಮಳೆಯ ಹೆಸರಿನಲ್ಲಿ ನಾನು ಬಹುಮಟ್ಟಿಗೆ ಗರಿಯ ವಯಸ್ಸನ್ನೇ ಅಳೆದಿದ್ದೆ. ಆ ವರ್ಷದ ಅಂಕಿಗಳನ್ನೆಲ್ಲ ಬದಿಗಿಟ್ಟು, ಮರುವರ್ಷದಿಂದ ಸುಳಿಯ ಕೆಳಗಿನ ಮೊದಲನೆಯ, ಪೂರ್ತಿ ಬಿಚ್ಚಿಕೊಂಡ ಗರಿಯನ್ನು ಮಾತ್ರ ಬೇಲಿ ಹಾಕಿ ದನ ಮೇಯದಂತೆ ತಡೆದ ತುಣುಕು ನೆಲಗಳಿಂದ ತೆಗೆಯತೊಡಗಿದೆ. ಸಗಣಿ, ಗಂಜಲ ಬಿದ್ದ ಜಾಗದ ಹುಲ್ಲು ಕಡುಹಸಿರಾಗಿ ಎದ್ದು ಕಾಣುತ್ತದೆ. ಅಂತಹ ಜಾಗಗಳನ್ನು ಬಿಟ್ಟುಬಿಟ್ಟೆ.

ಎರಡನೆಯ ಶತ್ರು ದೂಳು. ಜ್ವಾಲಾಮುಖಿ ಮಣ್ಣಿನ ನವಿರಾದ ಕಣಗಳು ಕಿಕುಯುವಿನ ರೋಮಭರಿತ ಗರಿಗಳಿಗೆ ಅಂಟಿಕೊಂಡಿರುತ್ತವೆ, ಮತ್ತು ಅವು ಕಬ್ಬಿಣ, ಅಲ್ಯೂಮಿನಿಯಂಗಳ ಅಳತೆಯನ್ನು ಪೂರ್ತಿ ಕೆಡಿಸಬಲ್ಲವು. ಇದಕ್ಕೆ ನನಗೆ ನೆರವಾದದ್ದು ಟೈಟಾನಿಯಂ. ಹವಾಯಿಯ ಲಾವಾದಲ್ಲಿ ಅದು ಧಾರಾಳವಾಗಿದೆ, ಆದರೆ ಗಿಡದ ಬೇರು ಅದನ್ನು ಬಹುತೇಕ ಹೀರುವುದೇ ಇಲ್ಲ. ಹೀಗಾಗಿ ಗರಿಯ ಅಳತೆಯಲ್ಲಿ ಟೈಟಾನಿಯಂ ಎದ್ದು ಕಂಡರೆ ಅದು ಮೇಲಂಟಿದ ಮಣ್ಣೆಂದೇ ತಿಳಿಯಬೇಕು. ಬಟ್ಟಿ ಇಳಿಸಿದ ನೀರಿನಲ್ಲಿ ಬೇಗಬೇಗ ಎರಡು ಬಾರಿ ತೊಳೆದ ಮೇಲೂ ಟೈಟಾನಿಯಂ ಉಳಿದಿದ್ದ ಮಾದರಿಗಳನ್ನು ನಾನು ಲೆಕ್ಕದಿಂದ ತೆಗೆದೆ. ಹೆಚ್ಚು ಹೊತ್ತು ನೆನೆಸಿದರೆ ಗರಿಯೊಳಗಿನ ಪೊಟ್ಯಾಸಿಯಂ ನೀರಿಗೆ ಇಳಿದುಹೋಗುತ್ತದೆ ಎಂಬುದನ್ನೂ ನೆನಪಿಡಬೇಕು.

ಪ್ರಯೋಗಾಲಯದ ಕೆಲಸದಲ್ಲಿ ಹೇಳಬೇಕಾದದ್ದು ಕಡಿಮೆ. ಧಾತುಗಳ ಅಳತೆಗೆ ಮೀಸಲಾದ ಗರಿಗಳನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿದೆ. ಗಿಡವು ತನ್ನ ರಕ್ಷಣೆಗೆಂದು ತಯಾರಿಸುವ ಫೀನಾಲಿಕ್ ಸಂಯುಕ್ತಗಳು ಆ ಬಿಸಿಯಲ್ಲಿ ಹಾಳಾಗುವುದರಿಂದ, ಅವುಗಳಿಗೆಂದು ಕಿತ್ತ ಗರಿಗಳನ್ನು ಬಯಲಿನಲ್ಲೇ ದ್ರವ ಸಾರಜನಕದಲ್ಲಿ ಮುಳುಗಿಸಿ, ಬಳಿಕ ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ನೀರು ತೆಗೆದು ಒಣಗಿಸಿದೆ. ಸಿಲಿಕಾನ್ ಅಳೆಯುವಾಗ ಕ್ಷಾರದ ದ್ರಾವಣವು ಗಾಜನ್ನೇ ಕರಗಿಸಿಕೊಳ್ಳುತ್ತದೆ. ಆದ್ದರಿಂದ ಆರಂಭದಿಂದ ಕೊನೆಯವರೆಗೆ ಪ್ಲಾಸ್ಟಿಕ್ ಪಾತ್ರೆಗಳನ್ನೇ ಬಳಸಿದೆ.

ನನ್ನ ಮಟ್ಟಿಗೆ ಇಡೀ ಅಧ್ಯಯನದ ಅತ್ಯಂತ ಆಳವಾದ ಭಾಗ ಸ್ಟ್ರಾಂಷಿಯಂನದು. ಗಿಡವು ಕ್ಯಾಲ್ಸಿಯಂ ಹೀರುವಾಗ ಅದನ್ನೇ ಹೋಲುವ ಸ್ಟ್ರಾಂಷಿಯಂ ಅನ್ನೂ ಹೀರುತ್ತದೆ, ಮತ್ತು ಸ್ಟ್ರಾಂಷಿಯಂನ 87 ಮತ್ತು 86 ಐಸೋಟೋಪುಗಳ (ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣುಗಳ) ಅನುಪಾತವು ಅದು ಎಲ್ಲಿಂದ ಬಂತೆಂಬ ಗುರುತನ್ನು ಉಳಿಸಿಕೊಂಡಿರುತ್ತದೆ. ಹವಾಯಿಯ ಲಾವಾಕಲ್ಲಾದ ಬಸಾಲ್ಟಿನಲ್ಲಿ ಆ ಅನುಪಾತ ಸುಮಾರು 0.7035, ಕಡಲ ನೀರಿನಲ್ಲಿ 0.7092. ಬೆಟ್ಟದ ಮೇಲೆ ಹೋದಂತೆಲ್ಲ ನನ್ನ ಗರಿಗಳ ಅನುಪಾತ ಕಲ್ಲಿನ ಅಂಕಿಯಿಂದ ದೂರ ಸರಿದು ಕಡಲಿನ ಅಂಕಿಯತ್ತ ಏರಿತು. ಲಕ್ಷಕ್ಕೂ ಹೆಚ್ಚು ವರ್ಷಗಳ ಮಳೆ ಅಲ್ಲಿನ ಮಣ್ಣಿನಿಂದ ಕಲ್ಲಿನ ಕ್ಯಾಲ್ಸಿಯಂ ಅನ್ನು ತೊಳೆದು ಒಯ್ದಿದೆ. ಉಳಿದ ಕೊರತೆಯನ್ನು, ಗಾಳಿ ಹೊತ್ತು ತಂದ ಕಡಲ ತುಂತುರಿನ ಉಪ್ಪೇ ಮಳೆಯೊಡನೆ ಇಳಿದು ತುಂಬುತ್ತಿದೆ. ಲಾವಾದ ಮೇಲೆ ಬೇರೂರಿದ ಹುಲ್ಲು ತನ್ನ ಕ್ಯಾಲ್ಸಿಯಂನ ದೊಡ್ಡ ಪಾಲನ್ನು ಕಡಲಿನಿಂದ ಪಡೆಯುತ್ತಿದೆ ಎಂಬುದನ್ನು ನನ್ನದೇ ಅಂಕಿಗಳಲ್ಲಿ ಕಂಡ ದಿನ ಬೇರೆ ಕೆಲಸ ಮಾಡಲಾಗಲಿಲ್ಲ.

ಇಷ್ಟಾದರೂ ಮಣ್ಣು, ನೀರು, ಬೆಳಕುಗಳ ಪಾಲನ್ನು ಬಿಡಿಸಿ ಹೇಳಲು ಬಯಲಿನ ಅಳತೆ ಸಾಲದು. ಮೇಲೆ ಹೋದಂತೆ ಮೂರೂ ಒಟ್ಟಿಗೆ ಬದಲಾಗುತ್ತವೆ. ಕಿಕುಯು ನೆಲದ ಮೇಲೆ ಹಬ್ಬುವ ಕಾಂಡಗಳಿಂದ ಹರಡುವುದರಿಂದ, ಒಂದೇ ಗಿಡದ ಕಾಂಡವನ್ನು ಎರಡೆರಡು ಗೆಣ್ಣುಗಳ ತುಂಡು ಮಾಡಿ, ಒಣಭಾಗದ ಮಣ್ಣು ಮತ್ತು ತೇವಭಾಗದ ಮಣ್ಣು ತುಂಬಿದ ಕುಂಡಗಳಲ್ಲಿ ನೆಟ್ಟೆ. ಪ್ರತಿ ಮಣ್ಣಿನ ಅರ್ಧದಷ್ಟು ಕುಂಡಗಳಿಗೆ ಧಾರಾಳವಾಗಿ, ಉಳಿದವಕ್ಕೆ ಬಿಗಿಹಿಡಿದು ನೀರು ಕೊಟ್ಟೆ. ಕೆಲವನ್ನು ನೆರಳುಬಲೆಯ ಕೆಳಗಿಟ್ಟೆ. ನನ್ನ ಕುಂಡಗಳಲ್ಲಿ ಕ್ಯಾಲ್ಸಿಯಂ ಮಣ್ಣನ್ನು ಹಿಂಬಾಲಿಸಿತು, ಫೀನಾಲಿಕ್ ಸಂಯುಕ್ತಗಳು ಬೆಳಕನ್ನು ಹಿಂಬಾಲಿಸಿದವು, ಸಿಲಿಕಾನ್ ಮಾತ್ರ ಮಣ್ಣು ಮತ್ತು ನೀರು ಎರಡಕ್ಕೂ ಸ್ಪಂದಿಸಿತು. ಮೊದಲ ವರ್ಷ ನಾನು ಮಳೆಗೆ ಸಲ್ಲಿಸಿದ್ದ ಸಾರಜನಕದ ವ್ಯತ್ಯಾಸವು, ಒಂದೇ ವಯಸ್ಸಿನ ಗರಿಗಳನ್ನು ಹೋಲಿಸಿದಾಗ ಬಹುಪಾಲು ಕರಗಿಹೋಯಿತು. ಈಗ ಇದೇ ಕ್ರಮವನ್ನು ಒಣಭಾಗದ ಪಿಲಿ ಹುಲ್ಲಿಗೆ ಅಳವಡಿಸುತ್ತಿದ್ದೇನೆ. ಅದು ಬುಡದ ತೆಂಡೆಗಳಿಂದ ಗುಂಪಾಗಿ ಬೆಳೆಯುವ ಹುಲ್ಲಾದ್ದರಿಂದ, ಒಂದೇ ಗುಂಪನ್ನು ಬೇರುಸಹಿತ ಸೀಳಿ ನೆಡಬೇಕಾಗಿದೆ.