ಯಾವ ಚಿಕಿತ್ಸೆ ಸಿಕ್ಕಿತು ಅಂತ ನನಗೆ ಹೇಳಬೇಡಿ

ಸ್ಟ್ರೋಕ್ ಆದವರಿಗೆ ಫಿಸಿಯೋಥೆರಪಿ ಕೊಡುವುದು ನಾನು ಕಲಿತ ಕೆಲಸ. ಈಗ ಅದರ ಜೊತೆಗೆ ಇನ್ನೊಂದೂ ಸೇರಿಕೊಂಡಿದೆ. ಹೊಸ ಚಿಕಿತ್ಸೆಗಳನ್ನು ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ಗಳಲ್ಲಿ ನಾನು ಅಸೆಸರ್. ಚಿಕಿತ್ಸೆ ಕೊಡುವವರು ಬೇರೆ, ಕೊನೆಗೆ ಅಳೆದು ನೋಡುವವಳು ನಾನು. ಎದುರಿಗೆ ಕೂತವರಿಗೆ ಹೊಸ ಚಿಕಿತ್ಸೆ ಸಿಕ್ಕಿದೆಯೋ, ಮಾಮೂಲಿ ಚಿಕಿತ್ಸೆಯೋ ಅನ್ನುವುದು ನನಗೆ ಗೊತ್ತಿರಬಾರದು. ಹಾಗಾಗಿ ನಮಸ್ಕಾರ ಆದ ತಕ್ಷಣ ನಾನು ಹೇಳುವ ಮೊದಲ ಮಾತು ಇದು: "ನಿಮಗೆ ಯಾವ ಚಿಕಿತ್ಸೆ ಸಿಕ್ಕಿತು ಅಂತ ದಯವಿಟ್ಟು ನನಗೆ ಹೇಳಬೇಡಿ."

ಕೆಲವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಆದರೆ ಕಾರಣ ಇದೆ. ಮಾತ್ರೆಯ ಟ್ರಯಲ್ ಆದರೆ ಒಂದು ಗುಂಪಿಗೆ ಅದೇ ತರಹ ಕಾಣುವ ಖಾಲಿ ಮಾತ್ರೆ ಕೊಡಬಹುದು. ವ್ಯಾಯಾಮವನ್ನು ಹಾಗೆ ಬಚ್ಚಿಡಲು ಆಗಲ್ಲ. ಸ್ಟ್ರೋಕ್ ಆದ ಕೈಯನ್ನೇ ಬಳಸಲಿ ಅಂತ ಒಳ್ಳೆಯ ಕೈಗೆ ಗವಸು ಹಾಕಿ ಕಟ್ಟಿದ್ದಾರಾ, ರೋಬೋಟ್ ಯಂತ್ರದಲ್ಲಿ ಕೈ ಆಡಿಸಿದ್ದಾರಾ ಅನ್ನುವುದು ಪೇಷಂಟ್‌ಗೂ ಗೊತ್ತು, ಥೆರಪಿಸ್ಟ್‌ಗೂ ಗೊತ್ತು. ಗೊತ್ತಿಲ್ಲದೆ ಇರಬಹುದಾದವಳು ನಾನೊಬ್ಬಳೇ. ಹೊಸದು ಗೆಲ್ಲಲಿ ಅನ್ನುವ ಆಸೆ ನಮ್ಮೆಲ್ಲರಿಗೂ ಇರುತ್ತದೆ, ಅಲ್ವಾ? ಆ ಆಸೆ ಅಂಕಿಯೊಳಗೆ ನುಸುಳಬಾರದು.

ಇನ್ನೊಂದು ತೊಡಕು ಸ್ಟ್ರೋಕಿನ ಸ್ವಭಾವದಲ್ಲೇ ಇದೆ. ಮೊದಲ ವಾರಗಳಲ್ಲಿ, ತಿಂಗಳುಗಳಲ್ಲಿ ಮೆದುಳು ತಾನಾಗಿಯೇ ಒಂದಷ್ಟು ಚೇತರಿಸಿಕೊಳ್ಳುತ್ತದೆ. ಮೊದಲ ವಾರ ಯಾವ ಚಿಕಿತ್ಸೆ ಶುರು ಮಾಡಿದರೂ ಮೂರು ತಿಂಗಳಿಗೆ ಬಹಳ ಜನ ಮೊದಲಿಗಿಂತ ವಾಸಿ ಆಗಿರುತ್ತಾರೆ. ಅದನ್ನು ನೋಡಿ "ನನ್ನ ಚಿಕಿತ್ಸೆಯಿಂದಲೇ ಆಯಿತು" ಅಂತ ಯಾರು ಬೇಕಾದರೂ ನಂಬಿಬಿಡಬಹುದು. ಅದಕ್ಕೇ ಹೋಲಿಸಲು ಇನ್ನೊಂದು ಗುಂಪು ಬೇಕು. ಯಾರು ಯಾವ ಗುಂಪಿಗೆ ಅನ್ನುವುದನ್ನು ವೈದ್ಯರಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸಬೇಕು.

ನಂಬಿಕೆ ಎಷ್ಟು ದಾರಿ ತಪ್ಪಿಸಬಲ್ಲದು ಅನ್ನುವುದಕ್ಕೆ 2015ರಲ್ಲಿ ಪ್ರಕಟವಾದ ಅವರ್ಟ್ ಟ್ರಯಲ್ ನೋಡಿ. ಸ್ಟ್ರೋಕ್ ಆದವರನ್ನು ಎಷ್ಟು ಬೇಗ ಎಬ್ಬಿಸಿ ಓಡಾಡಿಸಿದರೆ ಅಷ್ಟು ಒಳ್ಳೆಯದು ಅಂತ ನಮ್ಮ ವೃತ್ತಿಯಲ್ಲಿ ಬಹಳ ಜನ ನಂಬಿದ್ದರು. ಐದು ದೇಶಗಳ 2104 ಪೇಷಂಟ್‌ಗಳ ಮೇಲೆ ಅದನ್ನು ಪರೀಕ್ಷಿಸಿದರು. 24 ಗಂಟೆಯೊಳಗೆ ಎಬ್ಬಿಸಿ, ಜಾಸ್ತಿ ಜಾಸ್ತಿ ಓಡಾಡಿಸಿದ ಗುಂಪಿನಲ್ಲಿ ಮೂರು ತಿಂಗಳಿಗೆ ಚೆನ್ನಾಗಿದ್ದವರು ಶೇ. 46. ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇ. 50. ಹಾಗಂತ ಮಲಗಿಸಿಯೇ ಇಡಿ ಅಂತ ಅರ್ಥ ಅಲ್ಲ. ಮಾಮೂಲಿ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನ ಕೂಡ 24 ಗಂಟೆಯೊಳಗೆ ಎದ್ದಿದ್ದರು. ಒಂದೇ ಸಲ ತುಂಬಾ ಹೊತ್ತು ಬೇಡ, ಸ್ವಲ್ಪ ಸ್ವಲ್ಪವಾಗಿ ಆಗಾಗ ಎಬ್ಬಿಸುವುದು ವಾಸಿ ಅನ್ನುವುದು ಆಮೇಲಿನ ವಿಶ್ಲೇಷಣೆಯಲ್ಲಿ ಕಂಡ ವಿಷಯ. ವಾರ್ಡಿನಲ್ಲಿ ನಾನು ಈಗ ಅದನ್ನೇ ಅನುಸರಿಸುತ್ತೇನೆ.

ಖಿನ್ನತೆಗೆ ಕೊಡುವ ಫ್ಲುಯಾಕ್ಸೆಟಿನ್ ಮಾತ್ರೆಯ ಕಥೆಯೂ ಇಂಥದ್ದೇ. 118 ಜನರ ಒಂದು ಟ್ರಯಲ್ 2011ರಲ್ಲಿ ಬಂದು, ಈ ಮಾತ್ರೆಯಿಂದ ಕೈಕಾಲಿನ ಚಲನೆ ಸುಧಾರಿಸುತ್ತದೆ ಅಂತ ಭರವಸೆ ಹುಟ್ಟಿಸಿತು. 2018ರಲ್ಲಿ 3127 ಜನರ ಫೋಕಸ್ ಟ್ರಯಲ್ ಬಂದಾಗ ಆ ಲಾಭ ಕಾಣಲಿಲ್ಲ. ಖಿನ್ನತೆ ಕಡಿಮೆ ಆಯಿತು, ಆದರೆ ಮೂಳೆ ಮುರಿತ ಜಾಸ್ತಿ ಆಯಿತು.

ಈಗ ಅಳೆಯುವ ಕೆಲಸಕ್ಕೆ ಬರುತ್ತೇನೆ. ಕೈಗೆ ನಾವು ಹೆಚ್ಚಾಗಿ ಬಳಸುವುದು ಫುಗಲ್-ಮೆಯರ್ ಪರೀಕ್ಷೆ. 1975ರಲ್ಲಿ ಸ್ವೀಡನ್ನಿನಿಂದ ಬಂದದ್ದು. ಕೈ ಚಲನೆಗೆ ಒಟ್ಟು 66 ಅಂಕ. ಪ್ರತಿ ಚಲನೆಗೂ 0, 1 ಅಥವಾ 2. ನಡುವೆ ಒಂದೂವರೆ ಅಂತ ಇಲ್ಲ.

ಒಂದು ಚಲನೆಯನ್ನೇ ತೆಗೆದುಕೊಳ್ಳಿ. ಮೊಣಕೈ ನೇರವಾಗಿಟ್ಟು ತೋಳನ್ನು ಮುಂದಕ್ಕೆ ಭುಜದ ಮಟ್ಟಕ್ಕೆ ಎತ್ತಬೇಕು. ಮೊದಲು ಚೆನ್ನಾಗಿರುವ ಕೈಯಲ್ಲಿ ಮಾಡಿಸುತ್ತೇನೆ, ಏನು ಕೇಳುತ್ತಿದ್ದೇನೆ ಅಂತ ಅವರಿಗೆ ತಿಳಿಯಲಿ ಅಂತ. ಆಮೇಲೆ ಸ್ಟ್ರೋಕ್ ಆದ ಕೈ. ಎತ್ತಲು ಶುರು ಮಾಡಿದ ಕೂಡಲೇ ಮೊಣಕೈ ಮಡಚಿತು ಅಥವಾ ತೋಳು ಪಕ್ಕಕ್ಕೆ ಹೋಯಿತು ಅಂದರೆ 0. ಅರ್ಧ ದಾರಿಯ ಮೇಲೆ ಮಡಚಿದರೆ 1. ಕೊನೆವರೆಗೂ ನೇರ ಬಂದರೆ 2. ನನ್ನ ಕಣ್ಣು ಬೆರಳ ಮೇಲೆ ಇರುವುದಿಲ್ಲ, ಮೊಣಕೈ ಮೇಲೆ, ಸೊಂಟದ ಮೇಲೆ. ಏಕೆಂದರೆ ತೋಳು ಬರದಿದ್ದಾಗ ಜನ ಗೊತ್ತಿಲ್ಲದೆಯೇ ಮೈಯನ್ನು ಹಿಂದಕ್ಕೆ ವಾಲಿಸಿ ಕೈ ಎತ್ತರ ಮಾಡುತ್ತಾರೆ. ದೂರದಿಂದ ನೋಡಿದರೆ ಪೂರ್ತಿ ಎತ್ತಿದ ಹಾಗೇ ಕಾಣುತ್ತದೆ.

ಇಲ್ಲಿ ನನಗೆ ಕಷ್ಟ ಅನ್ನಿಸುವುದು ಸುಮ್ನೆ ಕೂರುವುದು. ಥೆರಪಿಸ್ಟ್ ಕೈ ಅದು, ಎದುರಿನ ತೋಳು ನಡುಗಿದರೆ ಆಸರೆ ಕೊಡಲು ತಾನಾಗಿಯೇ ಮುಂದೆ ಹೋಗುತ್ತದೆ. ಅದಕ್ಕೇ ಪರೀಕ್ಷೆ ಮುಗಿಯುವವರೆಗೆ ಎರಡೂ ಕೈಯಲ್ಲಿ ಕ್ಲಿಪ್‌ಬೋರ್ಡ್ ಗಟ್ಟಿಯಾಗಿ ಹಿಡಿದಿರುತ್ತೇನೆ. ಎಲ್ಲರಿಗೂ ಅದೇ ಮಾತು, ಅದೇ ಕುರ್ಚಿ, ಅಷ್ಟೇ ಅವಕಾಶ. ಪಕ್ಕದಲ್ಲಿ ಕೂತ ಹೆಂಡತಿ ಹೇಳುತ್ತಾರೆ, "ಮೊನ್ನೆ ಮನೆಯಲ್ಲಿ ಪೂರ್ತಿ ಎತ್ತಿದ್ರು ಮೇಡಂ, ಎರಡೇ ಹಾಕ್ಕೊಳಿ." ಅವರ ಮುಖ ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ಆದರೂ 1 ಬರೆಯುತ್ತೇನೆ. ನಾನು ಕೃಪೆಯಿಂದ ಕೊಟ್ಟ ಆ ಒಂದು ಅಂಕ ಅವರ ಕೈಗೆ ಬಲ ತರುವುದಿಲ್ಲ. ಮುಂದೆ ಸ್ಟ್ರೋಕ್ ಆಗುವವರಿಗೆ ಮಾತ್ರ ಸುಳ್ಳು ಹೇಳಿದಂತಾಗುತ್ತದೆ.

ರ‍್ಯಾಂಕಿನ್ ಸ್ಕೇಲ್, ಅಂದರೆ ದಿನದ ಬದುಕಿನಲ್ಲಿ ಎಷ್ಟು ತೊಂದರೆ ಉಳಿದಿದೆ ಅಂತ ಅಳೆಯುವ ಪಟ್ಟಿ, ಇನ್ನೂ ಸೂಕ್ಷ್ಮ. ನೋಡಲು ಸುಲಭ: 0 ಅಂದರೆ ಏನೂ ತೊಂದರೆ ಇಲ್ಲ, 5 ಅಂದರೆ ಹಾಸಿಗೆ ಹಿಡಿದಿದ್ದಾರೆ, 6 ಅಂದರೆ ತೀರಿಕೊಂಡಿದ್ದಾರೆ. ಜಗಳ ಇರುವುದು 2 ಮತ್ತು 3ರ ನಡುವೆ. ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲರು ಅಂದರೆ 2, ನಡೆಯಬಲ್ಲರು ಆದರೆ ಸ್ವಲ್ಪ ಸಹಾಯ ಬೇಕು ಅಂದರೆ 3. ಎಷ್ಟೋ ಟ್ರಯಲ್‌ಗಳಲ್ಲಿ ಗುಣ ಆಯಿತು, ಆಗಲಿಲ್ಲ ಅನ್ನುವ ಗೆರೆ ಇರುವುದು ಅಲ್ಲೇ.

"ಅಪ್ಪ ಏನೂ ಮಾಡಲ್ಲ ಮೇಡಂ, ಎಲ್ಲ ನಾವೇ ನೋಡ್ಕೊಳ್ತೀವಿ" ಅನ್ನುತ್ತಾನೆ ಮಗ.

"ಸರಿ. ನೀವ್ಯಾರೂ ಒಂದು ವಾರ ಇಲ್ಲ ಅಂತಿಟ್ಟುಕೊಳ್ಳಿ. ಆಗ?"

ಮಗ ಅಪ್ಪನ ಮುಖ ನೋಡುತ್ತಾನೆ. ಅಪ್ಪ ನಿಧಾನಕ್ಕೆ, "ಮಾಡ್ಕೊಳ್ತೀನಿ" ಅನ್ನುತ್ತಾರೆ. ಅಷ್ಟಕ್ಕೇ ಬಿಡುವ ಹಾಗಿಲ್ಲ. ಸ್ನಾನ ಹೇಗೆ, ಶೌಚಕ್ಕೆ ಹೇಗೆ, ಊಟಕ್ಕೆ ಏನು ಮಾಡಿಕೊಳ್ಳುತ್ತೀರಿ, ಸಾಮಾನು ತರುವುದು, ದುಡ್ಡಿನ ಲೆಕ್ಕ, ಒಂದೊಂದನ್ನೂ ಬಿಡಿಸಿ ಕೇಳುತ್ತೇನೆ. ಪ್ರೀತಿಯಿಂದ ಮಾಡಿಕೊಡುವ ಸಹಾಯ ಬೇರೆ, ಇಲ್ಲದಿದ್ದರೆ ಆಗುವುದೇ ಇಲ್ಲ ಅನ್ನುವ ಸಹಾಯ ಬೇರೆ. ಮಾನ ಉಳಿಸಿಕೊಳ್ಳಲು "ಎಲ್ಲ ಚೆನ್ನಾಗಿದೆ" ಅನ್ನುವವರೂ ಇರುತ್ತಾರೆ. ಫೋನಿನಲ್ಲಿ ಅಂಥವರ ಹತ್ತಿರ ಇನ್ನೂ ಜಾಸ್ತಿ ಹೊತ್ತು ಮಾತಾಡಬೇಕು.

ಎಷ್ಟು ಎಚ್ಚರ ವಹಿಸಿದರೂ ಗುಟ್ಟು ಹೊರಬೀಳುವುದುಂಟು. "ಆ ಮೆಷಿನ್ನಲ್ಲಿ ಕೈ ಇಟ್ಟ ಮೇಲೆ..." ಅಂತ ಮಾತಿನ ಭರದಲ್ಲಿ ಬಂದುಬಿಡುತ್ತದೆ. ಅದನ್ನು ನಾನು ಕೇಳದ ಹಾಗೆ ಇರಲ್ಲ. ಅಲ್ಲಿಗೇ ನಿಲ್ಲಿಸಿ, ಫಾರಂನಲ್ಲಿ ಬರೆದು, ಇನ್ನೊಬ್ಬ ಅಸೆಸರ್‌ಗೆ ಒಪ್ಪಿಸುತ್ತೇನೆ. ಪೇಷಂಟ್‌ಗೆ ಬೇಜಾರಾಗದಂತೆ ನೋಡಿಕೊಳ್ಳಬೇಕು, ಅವರದೇನೂ ತಪ್ಪಿಲ್ಲ.

ಮಾತು ಹೋದವರ ಬಗ್ಗೆ ನನಗೆ ವಿಶೇಷ ಕಾಳಜಿ. ಒಪ್ಪಿಗೆ ಪಡೆಯುವುದು ಕಷ್ಟ ಅಂತ ಎಷ್ಟೋ ಅಧ್ಯಯನಗಳು ಅವರನ್ನು ಹೊರಗೇ ಇಟ್ಟಿವೆ. ಮಾತು ಹೋದರೆ ಬುದ್ಧಿ ಹೋಗಿದೆ ಅಂತಲ್ಲ. ಚಿತ್ರ ಇರುವ ಹಾಳೆ, ಒಂದು ಸಲಕ್ಕೆ ಒಂದೇ ವಿಷಯ, ಹೌದು-ಇಲ್ಲ ಕಾರ್ಡ್ ಇಟ್ಟುಕೊಂಡು ಕೂತರೆ ಬಹಳ ಜನ ತಮ್ಮ ತೀರ್ಮಾನ ತಾವೇ ಹೇಳುತ್ತಾರೆ. ಅದೇ ಪ್ರಶ್ನೆಯನ್ನು ತಿರುಗಿಸಿ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳುತ್ತೇವೆ. ಸಮಯ ಹಿಡಿಯುತ್ತದೆ, ಹಿಡಿಯಲಿ.

ಚಿಕಿತ್ಸೆ ಮಧ್ಯದಲ್ಲೇ ಬಿಟ್ಟವರನ್ನೂ ನಾವು ಹುಡುಕಿಕೊಂಡು ಹೋಗಿ, ಅವರು ಒಪ್ಪಿದರೆ ಅಳೆಯುತ್ತೇವೆ. ಅವರನ್ನು ಅವರ ಮೊದಲ ಗುಂಪಿನಲ್ಲೇ ಲೆಕ್ಕಕ್ಕೆ ಹಿಡಿಯಬೇಕು. ನಿಷ್ಠೆಯಿಂದ ಕೊನೆವರೆಗೂ ಬಂದವರನ್ನು ಮಾತ್ರ ಎಣಿಸಿದರೆ ಎಂಥ ಚಿಕಿತ್ಸೆಯೂ ಚೆನ್ನಾಗಿಯೇ ಕಾಣುತ್ತದೆ.

ನಿಮ್ಮನ್ನೋ ನಿಮ್ಮ ಮನೆಯವರನ್ನೋ ಯಾರಾದರೂ ಇಂಥ ಟ್ರಯಲ್‌ಗೆ ಕರೆದರೆ, ಸಹಿ ಹಾಕುವ ಮುಂಚೆ ಇಷ್ಟು ಕೇಳಿ. ಹೊಸ ಚಿಕಿತ್ಸೆ ಸಿಗದ ಗುಂಪಿಗೆ ಏನು ಸಿಗುತ್ತದೆ? ಭಾಗವಹಿಸುವವರ ಹಿತ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಆಗಿದೆಯಾ? ತೊಂದರೆ ಆದರೆ ಖರ್ಚು ಯಾರದು? ನಡುವೆ ಬಿಟ್ಟರೆ ನನ್ನ ಮಾಮೂಲಿ ಚಿಕಿತ್ಸೆಗೆ ಅಡ್ಡಿ ಇಲ್ಲ ತಾನೆ? ಮತ್ತೆ, ಕೊನೆಯಲ್ಲಿ ಫಲಿತಾಂಶ ನಮಗೂ ತಿಳಿಸುತ್ತೀರಾ? ಈ ಕೊನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಯಾರೂ ಕೇಳದಿದ್ದರೂ, ಭಾಗವಹಿಸಿದ ಪ್ರತಿಯೊಬ್ಬರಿಗೂ ಸರಳ ಕನ್ನಡದಲ್ಲಿ ಒಂದು ಪುಟದ ಪತ್ರ ಹೋಗಬೇಕು ಅಂತ ನಾನು ಪ್ರತಿ ಟ್ರಯಲ್ ಮೀಟಿಂಗ್‌ನಲ್ಲೂ ಪಟ್ಟು ಹಿಡಿಯುತ್ತೇನೆ. ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ ಅಂತ ಬಂದಾಗಲೂ ಅದು ಹೋಗಲೇಬೇಕು.